ಡೈ ಹಾಕಿದ ಕೂದಲು ಬೇಸಿಗೆ ಬಂತೆಂದರೆ ಕೆಂಚಗಾಗುವುದೇಕೆ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪ್ರೌಢಶಾಲೆ ಶಿಕ್ಷಕಿ, ವಯಸ್ಸು 47. ಐದಾರು ವರ್ಷದಿಂದ ಮೂರು ವಾರಕ್ಕೊಮ್ಮೆ ಮನೆಯಲ್ಲೇ ಕಪ್ಪು ಡೈ ಹಚ್ಚಿಕೊಳ್ಳುತ್ತೇನೆ, ಬುಡದಿಂದ ತುದಿಯವರೆಗೆ. ಕೂದಲು ಸುಮಾರು ಎರಡಡಿ ಉದ್ದವಿದೆ. ಮಳೆಗಾಲ, ಚಳಿಗಾಲದಲ್ಲಿ ಬಣ್ಣ ಪರವಾಗಿಲ್ಲ. ಮಾರ್ಚ್ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದ ಹಾಗೆ ಕೆಂಚಗಾಗುತ್ತದೆ, ತುದಿಯೆಲ್ಲ ತೆಂಗಿನ ನಾರಿನಂತೆ ಒರಟು. ಬಾಚಿದರೆ ತುಂಡು ತುಂಡು ಕೂದಲು ಬರುತ್ತವೆ. ನಮ್ಮದು ಬೋರ್‌ವೆಲ್ ನೀರು, ಬೆವರು ತಾಳಲಾರದೆ ದಿನ ಬಿಟ್ಟು ದಿನ ತಲೆಸ್ನಾನ ಮಾಡುತ್ತೇನೆ. ಪಾರ್ಲರ್‌ನವರು ಅಮೋನಿಯಾ ಇಲ್ಲದ ಕಲರ್, ಸಲ್ಫೇಟ್ ಇಲ್ಲದ ಶಾಂಪೂ ಎನ್ನುತ್ತಾರೆ. ಓರಗಿತ್ತಿ ಮೆಹಂದಿ ಹಚ್ಚು ಎನ್ನುತ್ತಾಳೆ. ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಕೂದಲು ಸುಡುತ್ತದೆ ಎಂದು ಇನ್ನೊಬ್ಬರು. ಮೇ ಕೊನೆಯಲ್ಲಿ ಮಗಳ ಮದುವೆ, ಅಲ್ಲಿಯವರೆಗೆ ಲಗ್ನಪತ್ರಿಕೆ ಹಂಚಲು ಬಿಸಿಲಲ್ಲೇ ಓಡಾಟ. ಏನು ಮಾಡಲಿ? ಹಾಂ, ಡೈ ಹಚ್ಚಿದ ಮರುದಿನ ಕಿವಿಯ ಹಿಂದೆ ಸ್ವಲ್ಪ ತುರಿಕೆ ಇರುತ್ತದೆ. ಹೋದ ವರ್ಷದಿಂದ ಹಣೆಯ ಎರಡೂ ಬದಿ ಕಪ್ಪಾಗಿದೆ, ಬಿಸಿಲಿಗೆ ಇರಬೇಕು.

ಉತ್ತರ: ನಿಮ್ಮ ಚಿಂತೆ ಕೂದಲಿನ ಬಣ್ಣದ್ದು. ಚರ್ಮವೈದ್ಯೆಯಾಗಿ ನನ್ನ ಚಿಂತೆ, ನೀವು ಪತ್ರದ ಕೊನೆಗೆ ಸೇರಿಸಿದ ಎರಡು ಸಾಲುಗಳದ್ದು. ಅದಕ್ಕೆ ವಿವರವಾಗಿ ಬರುತ್ತೇನೆ. ಅಲ್ಲಿಯವರೆಗೆ ಒಂದೇ ಮಾತು: ಮದುವೆಗೆಂದು ಡೈ ತಂದಿಟ್ಟಿದ್ದರೆ ಸದ್ಯಕ್ಕೆ ಅದನ್ನು ಒಡೆಯಬೇಡಿ.

ಮೊದಲು ಕೂದಲು ಕೆಂಚಗಾಗುವ ವಿಷಯ. ಕೂದಲೆಳೆಯ ಹೊರಗೆ ಒಂದರ ಮೇಲೊಂದು ಒರಗಿದ ತೆಳ್ಳನೆಯ ಪದರಗಳ ಕವಚವಿದೆ, ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ತಿರುಳು. ನಮ್ಮ ಸ್ವಂತ ಕಪ್ಪು, ಅಂದರೆ ಮೆಲನಿನ್, ಈ ತಿರುಳಿನಲ್ಲಿರುತ್ತದೆ. ನೀವು ಹಚ್ಚುವ ಪರ್ಮನೆಂಟ್ ಡೈಯಲ್ಲಿ ಅಮೋನಿಯಾದಂಥ ಕ್ಷಾರ ಕವಚವನ್ನು ಉಬ್ಬಿಸಿ ಸಂದು ಮಾಡುತ್ತದೆ. ಬಣ್ಣದ ಸಣ್ಣ ಅಣುಗಳೂ ಹೈಡ್ರೋಜನ್ ಪೆರಾಕ್ಸೈಡೂ ಆ ಸಂದಿನಿಂದ ಒಳಗೆ ಹೋಗುತ್ತವೆ. ಅಲ್ಲಿ ಪೆರಾಕ್ಸೈಡ್ ಎರಡು ಕೆಲಸ ಮಾಡುತ್ತದೆ. ಸಣ್ಣ ಅಣುಗಳನ್ನು ಜೋಡಿಸಿ, ಸುಲಭವಾಗಿ ಹೊರಬರಲಾಗದಷ್ಟು ದೊಡ್ಡ ಬಣ್ಣದ ಅಣುಗಳನ್ನಾಗಿಸುವುದು ಒಂದು. ನಿಮ್ಮ ಸ್ವಂತ ಮೆಲನಿನ್ನನ್ನು ತುಸು ತಿಳಿಯಾಗಿಸುವುದು ಇನ್ನೊಂದು. ಈ ಎರಡನೆಯದನ್ನು ಡೈ ಪ್ಯಾಕೆಟ್ ನಿಮಗೆ ಹೇಳುವುದಿಲ್ಲ. ನಮ್ಮ ಕಪ್ಪು ಕೂದಲು ತಿಳಿಯಾದಾಗ ಮೊದಲು ಕಾಣುವುದೇ ಕೆಂಪು, ಆಮೇಲೆ ಕಿತ್ತಳೆ. ಹಚ್ಚಿದ ಕಪ್ಪು ಇರುವವರೆಗೆ ಅದು ಮುಚ್ಚಿರುತ್ತದೆ, ಕಪ್ಪು ಇಳಿಯುತ್ತಿದ್ದಂತೆ ತಲೆ ಎತ್ತುತ್ತದೆ. ಅಂದರೆ ನೀವು ಕಾಣುತ್ತಿರುವ ಕೆಂಚು ಬಿಸಿಲು ತಂದು ಬಳಿದದ್ದಲ್ಲ. ಡೈ ಅದನ್ನು ಮೊದಲೇ ಒಳಗೆ ಸಿದ್ಧಮಾಡಿತ್ತು, ಬಿಸಿಲೂ ನೀರೂ ಸೇರಿ ಮೇಲಿನ ಪರದೆ ಸರಿಸಿದವು.

ಇಲ್ಲಿ ನಿಮ್ಮ ಪತ್ರದ ಒಂದು ವಿವರ ನನ್ನ ಕಣ್ಣಿಗೆ ಬಿತ್ತು. ಬುಡದಿಂದ ತುದಿಯವರೆಗೆ ಹಚ್ಚುತ್ತೇನೆ ಎಂದಿದ್ದೀರಿ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಎರಡಡಿ ಕೂದಲಿನ ತುದಿ ಸುಮಾರು ನಾಲ್ಕು ವರ್ಷ ಹಳೆಯದು. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17 ಸಲ. ಆ ಲೆಕ್ಕದಲ್ಲಿ ನಿಮ್ಮ ಕೂದಲಿನ ತುದಿ ಈಗಾಗಲೇ 65ರಿಂದ 70 ಸಲ ಕ್ಷಾರ ಮತ್ತು ಪೆರಾಕ್ಸೈಡ್ ಕಂಡಿದೆ. ಅದಕ್ಕೆ ಬಣ್ಣ ಬೇಕಾಗಿರಲೇ ಇಲ್ಲ, ಬೇಕಾಗಿದ್ದದ್ದು ಬುಡದಲ್ಲಿ ಹೊಸದಾಗಿ ಕಂಡ ಸೆಂಟಿಮೀಟರಿನಷ್ಟು ಬಿಳಿಗೆ ಮಾತ್ರ. ಇಷ್ಟು ಸಲ ಕವಚ ತೆರೆದ ಕೂದಲು ಮತ್ತೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಬಣ್ಣ ಬೇಗ ಒಳಗೆ ಹೋಗುತ್ತದೆ, ಬೇಗ ಹೊರಗೂ ಬರುತ್ತದೆ. ಬಣ್ಣ ನಿಲ್ಲುತ್ತಿಲ್ಲ ಎಂದು ಇನ್ನೊಮ್ಮೆ ಹಚ್ಚುತ್ತೇವೆ, ಇನ್ನಷ್ಟು ನಿಲ್ಲದಾಗುತ್ತದೆ. ನನ್ನ ಬಳಿ ಬರುವವರಲ್ಲಿ ನಾನು ಅತಿ ಹೆಚ್ಚು ನೋಡುವ ಸುಳಿ ಇದೇ.

ಇನ್ನು ಬಿಸಿಲು. ಅತಿನೇರಳೆ ಕಿರಣಗಳು ಚರ್ಮದಂತೆ ಕೂದಲಿಗೂ ತಾಗುತ್ತವೆ. ಅವು ಕೆರಾಟಿನ್ನಿನ ಗಂಧಕದ ಬಂಧಗಳನ್ನು ಒಡೆಯುತ್ತವೆ, ಬಣ್ಣದ ಅಣುಗಳನ್ನು ಕೆಡಿಸುತ್ತವೆ. ಕಪ್ಪು ಕೂದಲಿಗೆ ಮೆಲನಿನ್ನೇ ಒಂದು ಮಟ್ಟಿಗೆ ಕೊಡೆ. ಬಿಳಿ ಕೂದಲಿಗೆ ಆ ಆಸರೆಯಿಲ್ಲ, ಹಾಗಾಗಿ ಬಿಳಿಯಾದ ಎಳೆಗೆ ಪೆಟ್ಟು ಹೆಚ್ಚು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಆದರೆ ಬಣ್ಣ ಕೆಡಿಸುವುದರಲ್ಲಿ ಸೆಕೆಗಿಂತ ಕಿರಣಗಳ ಪಾಲು ದೊಡ್ಡದು. ಬೆಂಗಳೂರಿನವರು ತಂಪು ಗಾಳಿಯಿದೆ ಎಂದು ಬರಿದಲೆಯಲ್ಲಿ ಓಡಾಡಿ ಇದೇ ದೂರು ಹೇಳುತ್ತಾರೆ. ಅಲ್ಲಿಯೂ ಬೇಸಿಗೆಯ ನಡುಹಗಲಿನ ಕಿರಣ ಬಲು ತೀಕ್ಷ್ಣ.

ಆದರೂ ಬಣ್ಣ ಇಳಿಸುವುದರಲ್ಲಿ ಬಿಸಿಲಿಗಿಂತ ಮುಂದಿರುವುದು ನೀರು. ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದೊಂದು ಸಲ ಉಬ್ಬಿದಾಗಲೂ ಒಂದಿಷ್ಟು ಬಣ್ಣ ಹೊರಗೆ. ಚಳಿಗಾಲದಲ್ಲಿ ವಾರಕ್ಕೊಮ್ಮೆ ತಲೆಸ್ನಾನ ಮಾಡುತ್ತಿದ್ದವರು ಬೇಸಿಗೆಯಲ್ಲಿ ಮೂರು ನಾಲ್ಕು ಸಲ ಮಾಡುತ್ತಾರೆ. ಬಣ್ಣ ಮಾರ್ಚ್‌ನಲ್ಲೇ ಇಳಿಯುವುದಕ್ಕೆ ಅದೊಂದೇ ಸಾಕು. ಸಲ್ಫೇಟ್ ಇಲ್ಲದ ಶಾಂಪೂ ಬಗ್ಗೆ ನನ್ನ ಅಭಿಪ್ರಾಯವೂ ಇಲ್ಲೇ ಬಂತು: ಅದು ಸೌಮ್ಯ, ಒರಟು ಕೂದಲಿಗೆ ಹಿತ, ಕೊಳ್ಳುವ ಅನುಕೂಲವಿದ್ದರೆ ಕೊಳ್ಳಿ. ಆದರೆ ಬರೀ ನೀರೇ ಬಣ್ಣ ಇಳಿಸುವಾಗ ಶಾಂಪೂ ಬದಲಿಸಿದ್ದರಿಂದ ಸಿಗುವ ಲಾಭ ಸಣ್ಣದು. ಸಾಮಾನ್ಯ ಶಾಂಪೂವನ್ನೇ ಸ್ವಲ್ಪ ನೀರಿನಲ್ಲಿ ಕದಡಿ, ನೆತ್ತಿಯ ಚರ್ಮಕ್ಕೆ ಮಾತ್ರ, ಒಂದೇ ಸಲ ಹಚ್ಚಿ. ನೊರೆ ಇಳಿದು ಹೋಗುವಾಗ ಉದ್ದದ ಕೂದಲು ತಾನೇ ಶುಚಿಯಾಗುತ್ತದೆ. ಬಳಿಕ ಕಂಡೀಷನರ್ ತಪ್ಪಿಸಬೇಡಿ. ಶಾಂಪೂ ಬ್ರಾಂಡಿಗಿಂತ ಅದಕ್ಕೆ ಹಾಕುವ ದುಡ್ಡು ಹೆಚ್ಚು ಸಾರ್ಥಕ. ಬೆವರಿನ ದಿನ ತಲೆಸ್ನಾನದ ಬದಲು ಒದ್ದೆ ಬಟ್ಟೆಯಿಂದ ಬೈತಲೆ, ಕಿವಿಯ ಹಿಂದೆ, ಕತ್ತು ಒರೆಸಿಕೊಂಡು ಫ್ಯಾನ್ ಕೆಳಗೆ ಐದು ನಿಮಿಷ ಕುಳಿತರೆ ಎಷ್ಟೋ ಜನಕ್ಕೆ ಸಾಕಾಗುತ್ತದೆ. ವಾರಕ್ಕೆ ಎರಡು ತಲೆಸ್ನಾನಕ್ಕೆ ಇಳಿಸಲು ನೋಡಿ.

ಬೋರ್‌ವೆಲ್ ನೀರಿನ ಗಡಸು ಇನ್ನೊಂದು ತೊಡಕು. ನಲ್ಲಿಯ ಬಾಯಲ್ಲಿ, ನೀರು ಕಾಯಿಸುವ ಪಾತ್ರೆಯ ಒಳಗೆ ಕೂರುವ ಬಿಳಿ ಪೊರೆ ನೋಡಿದ್ದೀರಲ್ಲ? ಅದೇ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂದಲಿನ ಮೇಲೂ ಕೂರುತ್ತದೆ. ಕೂದಲು ಮಂಕಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ಹರಿಯುತ್ತದೆ. ಕೊನೆಯ ಒಂದೆರಡು ಚೊಂಬು ಮಾತ್ರ ಫಿಲ್ಟರ್ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಹಾಕಿಕೊಳ್ಳಿ. ಮೂರು ವಾರಕ್ಕೊಮ್ಮೆ ಇಡಿಟಿಎ (ಖನಿಜಗಳನ್ನು ಹಿಡಿದೆಳೆಯುವ ರಾಸಾಯನಿಕ) ಇರುವ ಶಾಂಪೂ ಬಳಸಿದರೆ ಈ ಪೊರೆ ಸ್ವಲ್ಪ ಬಿಡುತ್ತದೆ, ಅದಕ್ಕಿಂತ ಹೆಚ್ಚು ಸಲ ಬೇಡ. ನಲ್ಲಿಗೆ ಸಿಕ್ಕಿಸುವ ಪುಟ್ಟ ಶವರ್ ಫಿಲ್ಟರ್‌ಗಳನ್ನು ಗಡಸು ನೀರಿಗೆ ಮದ್ದೆಂದು ಮಾರುತ್ತಾರೆ. ಕ್ಲೋರಿನ್ ಸ್ವಲ್ಪ ತಗ್ಗಿಸಬಹುದೇ ಹೊರತು ಅಷ್ಟು ಸಣ್ಣ ಡಬ್ಬಿಯಿಂದ ನೀರು ಮೆದುವಾಗುವುದಿಲ್ಲ. ಇನ್ನೊಂದು ಸಂಗತಿ: ನಿಮ್ಮ ಊರಿನ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕಾಯಿಸಿದ ನೀರೇ ಆಗಿರುತ್ತದೆ. ಬೆಳಗಿನ ಜಾವದ ತಣ್ಣನೆಯ ನೀರಿನಲ್ಲೇ ತಲೆಸ್ನಾನ ಮುಗಿಸಿಕೊಳ್ಳಿ.

ಬಾಚಿದಾಗ ಬರುವ ಕೂದಲಿನ ಬಗ್ಗೆ ಗಾಬರಿ ಬೇಡ, ಆದರೆ ಒಂದು ಪರೀಕ್ಷೆ ಮಾಡಿ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಕಪ್ಪು ಬಟ್ಟೆಯ ಮೇಲಿಟ್ಟು ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ ಕೂದಲು. ಗಂಟಿಲ್ಲದೆ, ಉದ್ದವೂ ಗಿಡ್ಡವಾಗಿ, ತುದಿ ಸೀಳಿದ್ದರೆ ಅದು ನಡುವೆ ಮುರಿದದ್ದು. ತುಂಡು ತುಂಡು ಎಂದು ನೀವು ಬರೆದದ್ದು ನೋಡಿದರೆ ನಿಮ್ಮದು ಎರಡನೆಯದು. ಬುಡದಿಂದ ಉದುರುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್, ಎರಡು-ಮೂರು ತಿಂಗಳ ಹಿಂದಿನ ಜ್ವರ ಇವನ್ನೆಲ್ಲ ನೋಡಬೇಕಾಗುತ್ತಿತ್ತು. ಮುರಿಯುವ ಕೂದಲಿಗೆ ಮಾತ್ರೆ, ವಿಟಮಿನ್ ಯಾವುದೂ ಕೆಲಸ ಮಾಡದು, ಏಕೆಂದರೆ ಚರ್ಮದಿಂದ ಹೊರಗಿರುವ ಕೂದಲಿಗೆ ಜೀವವಿಲ್ಲ. ಸ್ಪಾ, ಕೆರಾಟಿನ್ ಎಂದು ಸಾವಿರಾರು ರೂಪಾಯಿ ಕೇಳುವುದೂ ಒರಟನ್ನು ಕೆಲವು ದಿನ ಮರೆಮಾಚುತ್ತದೆ ಅಷ್ಟೇ. ಕೂದಲು ನೆಟ್ಟಗೆ ಮಾಡುವ ಕೆಲವು ಕೆರಾಟಿನ್ ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ತುರಿಕೆಯ ಚರ್ಮವಿರುವ ನಿಮಗಂತೂ ಅದು ಸಲ್ಲದು. ತುದಿಯಿಂದ ಎರಡಿಂಚು ಕತ್ತರಿಸಿಬಿಡಿ. ಹೇಳುವುದು ಸುಲಭ, ಮನಸ್ಸಿಗೆ ಕಷ್ಟ ಎಂದು ಗೊತ್ತು. ಆದರೆ ಮದುವೆಯ ದಿನ ಜಡೆ ತುಂಬಿಕೊಂಡು ಕಾಣುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯ ನನಗೆ ತಿಳಿದಿಲ್ಲ.

ಎಣ್ಣೆಯ ವಿಷಯಕ್ಕೆ ಬರೋಣ. ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಕೂದಲು ಹುರಿದುಹೋಗುತ್ತದೆ ಎಂಬುದು ಸುಳ್ಳು. ಬಿಸಿಲಿನ ಬಿಸಿ ಎಣ್ಣೆ ಕಾಯುವ ಮಟ್ಟಕ್ಕೆ ಹತ್ತಿರವೂ ಹೋಗುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ. ಮುಂಬೈಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖನಿಜ ಎಣ್ಣೆಗಾಗಲಿ ಸೂರ್ಯಕಾಂತಿ ಎಣ್ಣೆಗಾಗಲಿ ಈ ಗುಣ ಕಾಣಲಿಲ್ಲ. ಆದರೆ ಎಣ್ಣೆಯೇ ಬಿಸಿಲಿಗೆ ಕೊಡೆಯಾಗುತ್ತದೆ ಎಂದು ನಂಬಬೇಡಿ. ಹಾಗೆಯೇ ತೊಟ್ಟಿಕ್ಕುವಷ್ಟು ಹಚ್ಚಿದರೆ ಅದನ್ನು ತೆಗೆಯಲು ಎರಡು ಮೂರು ಸಲ ಶಾಂಪೂ ಬೇಕು, ಬಣ್ಣ ಅದರೊಂದಿಗೇ ಹೋಗುತ್ತದೆ. ಒಂದು ಚಮಚ ಕೊಬ್ಬರಿ ಎಣ್ಣೆ, ಕಿವಿಯಿಂದ ಕೆಳಗಿನ ಕೂದಲಿಗೆ, ತಲೆಸ್ನಾನಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ, ಇಷ್ಟು ಸಾಕು. ತಲೆಹೊಟ್ಟು ಇದ್ದರೆ ನೆತ್ತಿಗೆ ಎಣ್ಣೆ ಬೇಡ, ಹೆಚ್ಚುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದು ಮಾತ್ರ ಕೆಟ್ಟ ಯೋಚನೆ: ಕೂದಲು ಇನ್ನಷ್ಟು ಕೆಂಚಗಾಗುತ್ತದೆ, ರಸ ಇಳಿದ ಹಣೆ-ಕತ್ತಿನ ಚರ್ಮ ಬಿಸಿಲು ತಾಗಿ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ಅಡುಗೆ ಸೋಡಾ ಕ್ಷಾರ, ಅದೂ ಬೇಡ. ಸೀಗೆಪುಡಿಯಾದರೆ ನೆನೆಸಿ ಸೋಸಿದ ತಿಳಿನೀರು ಬಳಸಿ. ಪುಡಿಯನ್ನೇ ಹಾಕಿ ಉಜ್ಜಿದರೆ ಮೊದಲೇ ಎದ್ದಿರುವ ಕವಚ ತರಚುತ್ತದೆ.

ಪತ್ರಿಕೆ ಹಂಚುವ ಓಡಾಟಕ್ಕೆ ಸೀರೆಯ ಸೆರಗು ಸಾಲದು. ತೆಳು ಶಿಫಾನ್, ನೆಟ್ ಬಟ್ಟೆ ಕಿರಣಗಳನ್ನು ಹೆಚ್ಚು ತಡೆಯುವುದಿಲ್ಲ. ಒತ್ತಾಗಿ ನೇಯ್ದ, ಗಾಢ ಬಣ್ಣದ ಹತ್ತಿ ಬಟ್ಟೆ ಒಳ್ಳೆಯದು. ಬೆವರಿನಿಂದ ತೊಯ್ದ ಹತ್ತಿ ಒಣ ಹತ್ತಿಯಷ್ಟು ತಡೆಯದು, ಚೀಲದಲ್ಲಿ ಇನ್ನೊಂದು ಇರಲಿ. ಮೇಲೊಂದು ಕಪ್ಪು ಕೊಡೆ. ಕೂದಲನ್ನು ಹರವಿ ಬಿಡದೆ ತುರುಬು ಕಟ್ಟಿ, ತುದಿ ಒಳಗೆ ಸೇರಿರಲಿ. ಅತಿ ಹಳೆಯ, ಅತಿ ನೊಂದ ಭಾಗಕ್ಕೆ ನೆರಳು ಸಿಗುವುದು ಹಾಗೆ. ಒದ್ದೆ ಕೂದಲನ್ನು ಬಿಸಿಲಿನಲ್ಲಿ ಬಿಟ್ಟು ಒಣಗಿಸುವ ಅಭ್ಯಾಸ ನಮ್ಮಲ್ಲಿ ಬಹಳ, ಅದನ್ನು ನೆರಳಿಗೆ ಬದಲಿಸಿ. ಕೂದಲಿಗೆ ಸಿಂಪಡಿಸುವ ಸನ್‌ಸ್ಕ್ರೀನ್‌ಗಳು ಸಿಗುತ್ತವೆ. ಆದರೆ ಎಸ್‌ಪಿಎಫ್ ಎಂಬುದು ಚರ್ಮ ಕೆಂಪಗಾಗುವುದನ್ನು ಅಳೆದು ಕೊಡುವ ಸಂಖ್ಯೆ, ಕೂದಲಿಗೆ ಅಂಥ ಅಳತೆಯಿಲ್ಲ. ಆ ದುಡ್ಡಿಗೆ ಒಳ್ಳೆಯ ಕೊಡೆ ಬರುತ್ತದೆ.

ಈಗ ಆ ಎರಡು ಸಾಲುಗಳು. ಡೈ ಹಚ್ಚಿದ ಮರುದಿನ ಕಿವಿಯ ಹಿಂದೆ ತುರಿಕೆ ಬರುವುದು ಅಲರ್ಜಿಯ ಬಾಗಿಲು ಬಡಿತ ಇರಬಹುದು. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ, ಅಂದರೆ ಪ್ಯಾರಾ ಫಿನೈಲಿನ್ ಡೈಅಮೀನ್, ಇದಕ್ಕೆ ಹೆಸರಾದದ್ದು. ವರ್ಷಗಟ್ಟಲೆ ಏನೂ ಆಗದೆ ಹಚ್ಚಿದವರಿಗೂ ಒಂದು ದಿನ ಅಲರ್ಜಿ ಶುರುವಾಗುತ್ತದೆ, ಶುರುವಾದ ಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಕೆಲವರಿಗೆ ತುರಿಕೆ ಹೆಚ್ಚೇ ಇಲ್ಲದೆ, ಹಣೆಯ ಬದಿ, ಕೆನ್ನೆ, ಕತ್ತಿನ ಮೇಲೆ ಬೂದುಮಿಶ್ರಿತ ಕಪ್ಪು ನಿಧಾನವಾಗಿ ಹರಡುತ್ತದೆ. ಬಿಸಿಲು ಅದನ್ನು ಇನ್ನಷ್ಟು ಗಾಢ ಮಾಡುತ್ತದೆ. ಇದನ್ನು ಬಂಗು ಎಂದೋ ಬಿಸಿಲಿನ ಕಪ್ಪು ಎಂದೋ ತಿಳಿದು ವರ್ಷಗಟ್ಟಲೆ ಕ್ರೀಮ್ ಹಚ್ಚಿದವರು ನನ್ನ ಬಳಿ ಬರುತ್ತಲೇ ಇರುತ್ತಾರೆ, ಜೊತೆಗೆ ಮೂರು ವಾರಕ್ಕೊಮ್ಮೆ ಡೈಯೂ ಹಚ್ಚುತ್ತಿರುತ್ತಾರೆ. ಕಾರಣ ನಿಲ್ಲಿಸದೆ ಯಾವ ಕ್ರೀಮೂ ಕೆಲಸ ಮಾಡುವುದಿಲ್ಲ. ನಿಮ್ಮದು ಅದೇ ಎಂದು ಪತ್ರ ಓದಿ ಹೇಳಲಾರೆ, ನೋಡಿಯೇ ಹೇಳಬೇಕು. ಆದರೆ ತುರಿಕೆ ಮತ್ತು ಹಣೆಯ ಕಪ್ಪು ಎರಡೂ ಒಟ್ಟಿಗೆ ಇರುವಾಗ ಅನುಮಾನ ಪಡದೆ ಇರಲಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಕೊಡುವ, ಸ್ಟೀರಾಯ್ಡ್ ಬೆರೆತ ಬಿಳುಪಿನ ಕ್ರೀಮನ್ನು ದಯವಿಟ್ಟು ಹಚ್ಚಬೇಡಿ. ಮದುವೆಯ ಹೊತ್ತಿಗೆ ಮುಖ ಕೆಂಪಗಾಗಿ, ಮೊಡವೆ ತುಂಬಿ, ಬಿಟ್ಟರೆ ಉರಿಯುವ ಸ್ಥಿತಿ ಬರುತ್ತದೆ.

ಇದನ್ನು ಖಚಿತಪಡಿಸಲು ಚರ್ಮವೈದ್ಯರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. 1% ಪಿಪಿಡಿ ಇರುವ ಸಣ್ಣ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ನೋಡುತ್ತಾರೆ, ಒಂದೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ಬೆನ್ನು ನೆನೆಯಬಾರದು, ಬೆವರಲೂಬಾರದು. ನಿಮ್ಮ ಊರಿನ ಮೇ ತಿಂಗಳಲ್ಲಿ ಅದು ಕಷ್ಟ, ಹಾಗಾಗಿ ವೈದ್ಯರು ಮಳೆಗಾಲಕ್ಕೆ ಮುಂದೂಡಿದರೆ ಬೇಸರಿಸಬೇಡಿ. ತುರಿಕೆ ಬಾರದವರು ಕೂಡ ಪ್ರತಿಸಲ ಡೈ ಹಚ್ಚುವ ಎರಡು ದಿನ ಮುಂಚೆ ಮೊಣಕೈಯ ಒಳಬದಿಯಲ್ಲಿ ಒಂದು ಚುಕ್ಕಿ ಹಚ್ಚಿ ನೋಡಬೇಕು. ಮೊದಲು ಪರೀಕ್ಷಿಸಿ ನೋಡಿ ಎಂಬ ಎಚ್ಚರಿಕೆಯನ್ನು ಇಂಥ ಡೈ ಪ್ಯಾಕೆಟ್ ಮೇಲೆ ಮುದ್ರಿಸುವುದು ನಮ್ಮ ದೇಶದಲ್ಲಿ ಕಡ್ಡಾಯ, ಓದುವವರು ಮಾತ್ರ ಕಡಿಮೆ. ಈಗಾಗಲೇ ತುರಿಕೆ ಕಂಡ ನೀವು ಆ ಮನೆಪರೀಕ್ಷೆಯನ್ನೂ ಮಾಡಬೇಡಿ.

ಪಾರ್ಲರ್‌ನವರ ಸಲಹೆ ಇಲ್ಲಿ ನಿಮ್ಮ ಉಪಯೋಗಕ್ಕೆ ಬಾರದು. ಅಮೋನಿಯಾ ಇಲ್ಲದ ಕಲರ್‌ನಲ್ಲಿ ಸಾಮಾನ್ಯವಾಗಿ ಎಥನಾಲಮೈನ್ ಎಂಬ ಬೇರೆ ಕ್ಷಾರ ಇರುತ್ತದೆ. ಘಾಟು ಇಲ್ಲ, ಕವಚ ತೆರೆಯುವ ಕೆಲಸ ಅದೂ ಮಾಡುತ್ತದೆ. ಪೆರಾಕ್ಸೈಡ್ ಇದ್ದೇ ಇರುತ್ತದೆ, ಪಿಪಿಡಿಯೂ ಇರಬಹುದು. ಪಿಪಿಡಿ ಇಲ್ಲ ಎಂದು ಬರೆದ ಡಬ್ಬಿಯಲ್ಲಿ ಅದರ ಹತ್ತಿರದ ಸಂಬಂಧಿ ಪಿಟಿಡಿ, ಅಂದರೆ ಟೊಲ್ವೀನ್ ಡೈಅಮೀನ್, ಇರುವುದುಂಟು. ಒಂದಕ್ಕೆ ಅಲರ್ಜಿ ಇರುವವರಲ್ಲಿ ಹಲವರಿಗೆ ಇನ್ನೊಂದಕ್ಕೂ ಅಲರ್ಜಿ ಇರುತ್ತದೆ.

ಓರಗಿತ್ತಿಯವರ ಮೆಹಂದಿ ಸಲಹೆಯಲ್ಲಿ ಹುರುಳಿದೆ, ಅಪಾಯವೂ ಇದೆ. ಅಪ್ಪಟ ಮೆಹಂದಿ ಸೊಪ್ಪಿನ ಪುಡಿಯ ಬಣ್ಣ ಕಿತ್ತಳೆಗೆಂಪು ಮಾತ್ರ. ಅದು ಹೊರಗಿನಿಂದ ಕೆರಾಟಿನ್ನಿಗೆ ಅಂಟುತ್ತದೆ, ಪೆರಾಕ್ಸೈಡ್ ಬೇಡ. ಕಪ್ಪು ಬೇಕಾದರೆ ಮೆಹಂದಿ ತೊಳೆದ ಮೇಲೆ ನೀಲಿ ಗಿಡದ (ಇಂಡಿಗೊ) ಎಲೆಪುಡಿ ಹಚ್ಚಬೇಕು. ಎರಡು ಹಂತದ ಕೆಲಸ, ಕೈ ಕುದುರಲು ಸಮಯ ಬೇಕು, ಕೂದಲು ಸ್ವಲ್ಪ ಒಣಗುತ್ತದೆ. ಆದರೆ ಒಂದೇ ಸಲಕ್ಕೆ ಕಪ್ಪು ಮಾಡುವ ‘ಕಪ್ಪು ಮೆಹಂದಿ’ ಪ್ಯಾಕೆಟ್ ಕೊಂಡರೆ ಅದರೊಳಗೆ ಹೆಚ್ಚಾಗಿ ಇರುವುದು ಅದೇ ಪಿಪಿಡಿ. ಕೆಲವು ಪುಡಿಗಳಲ್ಲಿ ಲೋಹದ ಲವಣ ಬೆರೆಸಿರುತ್ತಾರೆ. ಅದರ ಮೇಲೆ ಮುಂದೆಂದೋ ಪೆರಾಕ್ಸೈಡ್ ಇರುವ ಡೈ ಬಿದ್ದರೆ ಕೂದಲು ಬಿಸಿಯಾಗಿ ಮುರಿದುಹೋಗಬಹುದು. ಪುಡಿಯಲ್ಲಿ ಬೇರೇನೂ ಇಲ್ಲವೆಂದು ಲೇಬಲ್‌ನಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ ಬಿಟ್ಟುಬಿಡಿ. ಬರೆದಿದ್ದರೂ ಕತ್ತಿನ ಹಿಂದಿನ ಒಂದು ಎಳೆಗುಚ್ಛದ ಮೇಲೆ ಮೊದಲು ನೋಡಿ.

ಮದುವೆಗೆ ನಾನು ಹೇಳುವುದು ಹೀಗೆ. ಪರ್ಮನೆಂಟ್ ಡೈ ನಿಲ್ಲಿಸಿ. ಬೈತಲೆ, ಹಣೆಯ ಬದಿಯ ಬಿಳಿಗೆ ಪುಡಿ ಅಥವಾ ಕಡ್ಡಿ ರೂಪದ ತಾತ್ಕಾಲಿಕ ಬಣ್ಣ ತಂದು, ಮದುವೆಗೆ ಎರಡು ವಾರ ಮುಂಚೆಯೇ ಒಮ್ಮೆ ಹಚ್ಚಿ ನೋಡಿ. ಲೇಬಲ್‌ನಲ್ಲಿ ಪಿಪಿಡಿ, ಪಿಟಿಡಿ ಇರಬಾರದು. ಸ್ಪ್ರೇ ಬೇಡ, ಬೆವರಿನಲ್ಲಿ ಹಣೆಗೆ ಇಳಿಯುತ್ತದೆ. ಶಾಂಪೂ ಹಾಕಿದರೆ ಹೋಗುತ್ತದೆ, ಹೋಗಲಿ. ತಲೆಗೆ ಸೆರಗು, ಹೂವು ಇರುವಾಗ ಕಾಣುವುದು ಮುಂದಲೆ ಮಾತ್ರ.

ಪ್ಯಾಚ್ ಟೆಸ್ಟಿನಲ್ಲಿ ಏನೂ ಬಾರದೆ, ನಿಮ್ಮ ವೈದ್ಯರೂ ಒಪ್ಪಿದರೆ ಮತ್ತೆ ಡೈ ಹಚ್ಚಬಹುದು, ಆದರೆ ಬುಡಕ್ಕೆ ಮಾತ್ರ. ಉದ್ದದ ಕೂದಲಿಗೆ ಮೊದಲೇ ಕಂಡೀಷನರ್ ಬಳಿದು ಜಡೆ ಕಟ್ಟಿಬಿಟ್ಟರೆ ಡೈ ಅಲ್ಲಿಗೆ ಇಳಿಯದು. ಅಚ್ಚ ಕಪ್ಪಿನ ಬದಲು ಗಾಢ ಕಂದು ಆರಿಸಿ, ಬುಡದ ಬಿಳಿಗೆರೆ ಅಷ್ಟು ಎದ್ದು ಕಾಣುವುದಿಲ್ಲ. ಮೂರು ವಾರವನ್ನು ಆರು ವಾರಕ್ಕೆ ಎಳೆಯಬಹುದು. ಡೆವಲಪರ್, ಅಂದರೆ ಡೈಗೆ ಬೆರೆಸುವ ಪೆರಾಕ್ಸೈಡ್ ದ್ರಾವಣ, 6% ಸಾಕು, ಪಾರ್ಲರ್‌ನಲ್ಲಿ ಅದನ್ನು 20 ವಾಲ್ಯೂಮ್ ಎನ್ನುತ್ತಾರೆ. 30, 40 ಎಂದರೆ ಬೇಡ ಎನ್ನಿ. ಟೆಸ್ಟಿನಲ್ಲಿ ಅಲರ್ಜಿ ಕಂಡರೆ ಮೆಹಂದಿ-ನೀಲಿಯೋ, ಬಿಳಿಯನ್ನೇ ಒಪ್ಪಿಕೊಳ್ಳುವುದೋ ಎರಡೇ ದಾರಿ. ಡೈ ಬಿಟ್ಟರೆ ಇರುವುದೂ ಬೆಳ್ಳಗಾಗುತ್ತದೆ ಎಂಬ ಭಯ ಬೇಡ. ಬಿಳಿಯಾಗುವುದು ಚರ್ಮದೊಳಗಿನ ಬೇರಿನಲ್ಲಿ ನಿರ್ಧಾರವಾಗುತ್ತದೆ.

ಈ ವಾರವೇ ಹತ್ತಿರದ ಚರ್ಮವೈದ್ಯರಿಗೆ ಹಣೆ ತೋರಿಸಿ, ಡೈ ಡಬ್ಬಿಯನ್ನು ಜೊತೆಗೆ ಒಯ್ಯಿರಿ, ಅವರಿಗೆ ಮೊದಲು ಬೇಕಾಗುವುದು ಅದರ ಮೇಲಿನ ಘಟಕಗಳ ಪಟ್ಟಿ. ಹಿಂದೆ ಹಚ್ಚಿದ್ದರಿಂದಲೇ ಆಗಲಿ, ರೆಪ್ಪೆ ಊದಿಕೊಂಡರೆ, ತಲೆಚರ್ಮದಿಂದ ನೀರು ಸೋರಿದರೆ ಅದೇ ದಿನ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ನೇರ ಆಸ್ಪತ್ರೆಗೆ.